ಬಳೆ ತೊಟ್ಟ ಕೈ

ಕೆ.ಆರ್. ಪುರ
ಸೋಮವಾರ

ತಮ್ಮ ಕೆಂಪರಾಜನಿಗೆ ಅಕ್ಕನ ಆಶೀರ್ವಾದ.

ಫೋನ್ ಮಾಡಿದರೆ ನನ್ನ ಮಾತು ಮುಗಿಯುವ ಮೊದಲೇ ಕೂಗಾಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ಪೂರ್ತಿ ಓದು.

ಊರಹಬ್ಬದ ದಿನ ನನ್ನ ಕೈ ಕಪ್ಪುಗಟ್ಟಿದ್ದು ನೋಡಿ ನಿನ್ನ ಭಾವನ ಕಾಲರ್ ಹಿಡಿದೆಯಲ್ಲ, ಆ ಕಲೆ ಮಾಡಿದ್ದು ಬಳೆಗಾರ. ಹಿಂದಿನ ದಿನ ತವರಿನ ಬಳೆಯೆಂದು ಅಮ್ಮನೇ ಕೂರಿಸಿ ತೊಡಿಸಿದಳು. ಅವನು ಎಲ್ಲರ ಕೈ ಹಿಂಡುವಷ್ಟೇ ನನ್ನದನ್ನೂ ಹಿಂಡಿದ.

ನನ್ನ ರಕ್ತದಲ್ಲಿ ಪ್ಲೇಟ್‌ಲೆಟ್ ಕಡಿಮೆಯಾಗಿದೆ. ಸ್ವಲ್ಪ ಒತ್ತಿದರೂ ಕಲೆ ಬೀಳುತ್ತದೆ. ಯಾಕೆಂಬುದು ಮೂಳೆಮಜ್ಜೆಯ ಪರೀಕ್ಷೆಯಾದ ಮೇಲೂ ಗೊತ್ತಾಗಿಲ್ಲ. "ಇಂಥದ್ದೇ ಕಾಯಿಲೆ ಅಂತ ಈಗ್ಲೇ ಹೇಳಕ್ಕಾಗಲ್ಲಮ್ಮ, ನೋಡೋಣ" ಎನ್ನುತ್ತಾರೆ ಡಾಕ್ಟರು. ಹೆಸರು ಗೊತ್ತಾಗುವವರೆಗೆ ತವರಿಗೆ ತಿಳಿಸುವುದು ಬೇಡವೆಂದು ನಾನೇ ಕೇಳಿಕೊಂಡಿದ್ದೆ. ಅದಕ್ಕೇ ನಿನ್ನ ಭಾವ ಅಷ್ಟು ಜನರೆದುರು ಬಾಯಿ ಬಿಡಲಿಲ್ಲ.

ನನಗೆ ರಕ್ತ ಕಡಿಮೆ ಎಂದಷ್ಟೇ ಅಮ್ಮನಿಗೆ ಹೇಳು. ಬೀಟ್‌ರೂಟ್ ಕಳಿಸುತ್ತಾಳೆ, ಕಳಿಸಲಿ.

ಆ ದಿನದಿಂದ ಅವರು ನನ್ನನ್ನು ಮುಟ್ಟಲು ಹೆದರುತ್ತಾರೆ. ಮಾರತ್ತಹಳ್ಳಿಯಲ್ಲಿ ರಸ್ತೆ ದಾಟುವಾಗ ಕೈ ಹಿಡಿದುಕೊಳ್ಳುತ್ತಿದ್ದವರು ಈಗ ನನ್ನ ಬ್ಯಾಗಿನ ಪಟ್ಟಿ ಹಿಡಿದುಕೊಳ್ಳುತ್ತಾರೆ.

ಭಾನುವಾರ ಬಾ. ಕ್ಷಮೆ ಕೇಳಲು ಹೋಗಬೇಡ, ನಿನಗದು ಬರುವುದಿಲ್ಲ. ಮುದ್ದೆ, ಅವರೆಕಾಳು ಸಾರು ಮಾಡಿರುತ್ತೇನೆ, ಇಬ್ಬರೂ ಒಟ್ಟಿಗೆ ಕೂತು ಉಣ್ಣಿ. ಹೊರಡುವಾಗ ಮಾತ್ರ, "ಭಾವ, ಅಕ್ಕನ ಕೈ ಹಿಡ್ಕೊಳ್ಳಿ, ಕಪ್ಪಾದ್ರೆ ಆಗ್ಲಿ" ಅಂತ ನನ್ನೆದುರಿಗೇ ಹೇಳು.

ನಾನು ಹೇಳಿ ನೋಡಿದೆ, ಕೇಳುತ್ತಿಲ್ಲ.

ನಿನ್ನ ಅಕ್ಕ,
ಹಂಸ