ಮಂಜು ಬಳಿದವನಿಗೆ

ಹೂರಾ, ಮನಾಮ, ಬಹರೈನ್
೧೨ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಶರೀಫ್,

ಮೊದಲು ನೀನು ಕೊಟ್ಟ ಮಾತು, ಕುಶಲ ಆಮೇಲೆ. ನೀನು ಮುಂದೆ ನಿಂತು ನಡೆಸುವ ಕನ್ನಡ ಸಂಘದ ಪ್ರದರ್ಶನದಲ್ಲಿ ಬಾಗಿಲೆದುರಿನ ಗೋಡೆ ನನ್ನ ಚಿತ್ರಕ್ಕೆ ಎಂದಿದ್ದೆ, ಕೊಟ್ಟೆ. ಪಕ್ಕದಲ್ಲಿ ಕನ್ನಡದಲ್ಲಿ ಎರಡು ಸಾಲು ಬರೆಯಲು ಬಿಡುತ್ತೇನೆ ಎಂದಿದ್ದೆ, ಬಿಡಲಿಲ್ಲ. ನನಗೆ ಚೀನೀ ಮಸಿಚಿತ್ರ ಕಲಿಸಿದ ಲಿನ್ ಮೇಡಂ ಅವರನ್ನು ವೇದಿಕೆಗೆ ಕರೆಯುತ್ತೇನೆ ಎಂದಿದ್ದೆ, ಕರೆಯಲಿಲ್ಲ. ಆಕೆ ಹಿಂದಿನ ಸಾಲಿನಲ್ಲಿ ಕೂತು ಸಮೋಸ ತಿಂದು ಹೋದರು. ನನ್ನ ಗೆರೆಗೆ ಯಾರೂ ಕೈ ಹಚ್ಚುವುದಿಲ್ಲ ಎಂದಿದ್ದೆ. ನೀನೇ ಹಚ್ಚಿದೆ.

ಈಗ ಸಲಾಂ. ನೀನೂ ಶಹೀದಾಳೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ಪ್ರದರ್ಶನ ಶುರುವಾದ ದಿನವೇ ಬರೆದಿದ್ದರೆ ಕಾಗದದ ತುಂಬ ಬೈಗುಳವೇ ಇರುತ್ತಿತ್ತು. ವಾಟ್ಸಾಪಿನಲ್ಲಿ ಬರೆದರೆ ನೀನೊಂದು ಹೆಬ್ಬೆರಳು ಕಳಿಸಿ ಮುಗಿಸಿಬಿಡುತ್ತೀಯ. ಅದಕ್ಕೇ ಈ ಕಾಗದ.

ಕೈಯಲ್ಲಿ ಬೋರ್ಡು ಬರೆಯುವ ಕೆಲಸ ಫ್ಲೆಕ್ಸ್ ಬಂದು ಸತ್ತ ಮೇಲೆ ನಾನು ಅಂಗಡಿಯಲ್ಲಿ ಸ್ಟಿಕ್ಕರು ಅಂಟಿಸುತ್ತ ಕೂತಿದ್ದು ನಿನಗೆ ಗೊತ್ತು. ಲಿನ್ ಮೇಡಂ ಹತ್ತಿರ ಹೋದದ್ದು ಕೈ ಸುಮ್ಮನಿರಲಾರದೆ. ಜುಫೇರಿನ ಅವರ ಫ್ಲಾಟಿನಲ್ಲಿ ಒಂದು ವರ್ಷ ನಕಲು ಬಿಟ್ಟು ಬೇರೇನೂ ಮಾಡಗೊಡಲಿಲ್ಲ. ಹಳೆಯ ಗುರುಗಳ ಬೆಟ್ಟ, ಹಳೆಯ ಗುರುಗಳ ಪೈನ್ ಮರ. ಇದೇನು ಗುಲಾಮಗಿರಿ ಎಂದು ಜಗಳವಾಡಿದೆ. ನಗುತ್ತ ಇನ್ನೊಂದು ಹಾಳೆ ಹಾಸಿದರು.

ದೊಡ್ಡ ಜಗಳ ಆದದ್ದು ಮನುಷ್ಯನ ಮೇಲೆ. ಅವರ ಪದ್ಧತಿಯಲ್ಲಿ ಬೆಟ್ಟ ಆಳೆತ್ತರವಾದರೆ ಮರ ಮೊಳದಷ್ಟು, ಕುದುರೆ ಅಂಗುಲದಷ್ಟು, ಮನುಷ್ಯ ಬರೀ ಕಾಳಿನಷ್ಟು. ನನಗೆ ಮೈ ಉರಿಯಿತು. ಮಂಗಳೂರಿನ ಗೋಡೆಗಳ ಮೇಲೆ ಬೀಡಿ ಕಟ್ಟುವ ಹೆಂಗಸನ್ನು ಎರಡಾಳು ಎತ್ತರ ಬರೆದವರು ನಾವು. ಏಣಿ ಹಿಡಿದು ನಿಂತಿದ್ದವನು ನೀನು. ದುಡಿಯುವವನನ್ನು ಕಾಳು ಮಾಡುವ ಕಲೆ ಯಾರಪ್ಪನಿಗೆ ಬೇಕು ಎಂದೇ ಕೇಳಿಬಿಟ್ಟೆ. ಲಿನ್ ಮೇಡಂ ತಮ್ಮ ಹರಕು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: "ಆ ಕಾಳನ್ನು ತೆಗೆದು ನೋಡು. ಬೆಟ್ಟ ಎಷ್ಟು ಎತ್ತರ ಅಂತ ಹೇಗೆ ಗೊತ್ತಾಗುತ್ತದೆ? ನೋಡುವವನ ಕಣ್ಣು ಅವನ ಹೆಗಲೇರಿಯೇ ಬೆಟ್ಟ ಹತ್ತುವುದು."

ಜಗಳ ಬಿಟ್ಟು ಆ ಕಾಳನ್ನೇ ನಕಲು ಮಾಡಲು ಕೂತೆ. ನನಗೆ ಅದು ಅಪರೂಪ, ನಿನಗೆ ಗೊತ್ತಲ್ಲ.

ಆಮೇಲೊಂದು ಬೆಳಿಗ್ಗೆ ಧೂಳು ಎದ್ದಿತ್ತು. ಬಸ್ಸಿನ ಕಿಟಕಿಯಿಂದ ನೋಡುತ್ತೇನೆ, ಟವರುಗಳ ಬುಡವೇ ಇಲ್ಲ, ತುದಿ ಮಾತ್ರ ತೇಲುತ್ತಿದೆ. ಒಂದು ವರ್ಷ ನಕಲು ಮಾಡಿದ ಬೆಟ್ಟ ಕಣ್ಣೆದುರಿಗೇ ನಿಂತಿದೆ! ಅದರ ಗಾಜಿನ ಮೈಮೇಲೆ ಹಗ್ಗದಲ್ಲಿ ಇಳಿಬಿದ್ದು ಒರೆಸುತ್ತಿದ್ದ ಕಿತ್ತಳೆ ಬಟ್ಟೆಯ ಕಾಳುಗಳು.

ಅದನ್ನೇ ಬರೆದೆ. ಬಂಡೆಗೆ ಅವರು ಹಾಕುವ, ಕೊಡಲಿ ಕಚ್ಚಿದಂಥ ಗೆರೆಯನ್ನು ಗಾಜಿಗೆ ಹಾಕಿದೆ, ಅದೂ ನನ್ನ ಬೋರ್ಡಿನ ಚಪ್ಪಟೆ ಬ್ರಷ್ಷಿನಲ್ಲಿ. ಲಿನ್ ಮೇಡಂ ಹುಬ್ಬು ಗಂಟಿಕ್ಕಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನಗಾಗಿ ತಾವೇ ಮಸಿ ತೇಯಲು ಕೂತರು. ಕಿತ್ತಳೆಯ ವಿಷಯದಲ್ಲಿ ಮಾತ್ರ ಬಿಡಲಿಲ್ಲ. "ಬಣ್ಣ ಮಸಿಯ ಬಾಯಿ ಮುಚ್ಚಿಸಬಾರದು," ಎಂದು ಗದರಿದರು. ನೀರಾಗಿ ತೆಳ್ಳಗೆ, ಒಣಗಿಸಿ ಒಣಗಿಸಿ ಹಚ್ಚಿದೆ. ಬಣ್ಣದ ಕೆಳಗೆ ಪ್ರತಿಯೊಬ್ಬನ ಬೆನ್ನು, ಕೈ, ಹಗ್ಗ ಮಸಿಯಲ್ಲಿ ಹಾಗೇ ಕಾಣುತ್ತಿತ್ತು. ಹಳೆಯ ಕುಂಚಕ್ಕೆ ಟವರು ಅಂಟಿಸಿದರೆ ಅದೇನೂ ಹೊಸತಲ್ಲ ಶರೀಫ್, ಬರೀ ಕ್ಯಾಲೆಂಡರಿನ ಚಿತ್ರ. ಅವರು ಅರ್ಧ ಬಾಗಿದರು, ನಾನು ಅರ್ಧ ಬಾಗಿದೆ. ನನ್ನ ಬದುಕಿನಲ್ಲಿ ಸೋಲದೆ ಬಾಗಿದ್ದು ಅದೊಂದೇ ಸಲ.

ರಿಫಾದ ನಿನ್ನ ಮನೆಯಲ್ಲಿ ಸಮಿತಿಗೆ ಚಿತ್ರದ ಸುರುಳಿ ಬಿಚ್ಚಿ ತೋರಿಸಿದಾಗ ಆದದ್ದು ನೆನಪಿದೆಯಲ್ಲ? ನಿಮ್ಮ ಖಜಾಂಚಿ ಜಯಂತ್ ಕನ್ನಡಕ ಏರಿಸಿದ. "ಸೇಸಪ್ಪಣ್ಣ, ಟವರಿನವರೇ ನಮಗೆ ಸ್ಪಾನ್ಸರು. ಅವರ ಗಾಜಿನ ಮೇಲೆ ಇದೆಂತ ಮಾರಾಯ್ರೆ, ಸೊಳ್ಳೆ ಕೂತ ಹಾಗೆ?"

"ಒಂಚೂರು ಮಂಜು ಹಾಕು ಮಾರಾಯಾ," ಎಂದೆ ನೀನು. "ಚೈನೀಸ್ ಅಲ್ವಾ, ಮಂಜು ಹೇಗೂ ಇರ್ತದೆ."

"ಮಂಜು ಹಾಕ್ಲಿಕ್ಕೆ ಬರುದಿಲ್ಲ. ಅದು ಬಿಟ್ಟ ಜಾಗ. ಬರೀ ಕಾಗದ," ಎಂದೆ ನಾನು.

"ಬಿಟ್ಟ ಜಾಗಕ್ಕೂ ಒಂದು ಭಾಷಣ ಉಂಟಾ ನಿಂದು? ಇದು ಮಂಗಳೂರಿನ ಗೋಡೆ ಅಲ್ಲ, ಬಹರೈನ್."

ಎಲ್ಲರೂ ನಕ್ಕರು. ನಾನೂ ನಕ್ಕೆ. ಸುಲೈಮಾನಿ ಚಹಾ ತಂದ ಶಹೀದಾ ಮಾತ್ರ ನಗಲಿಲ್ಲ. "ಒರೆಸುವವರು ಇಲ್ಲದಿದ್ರೆ ಗಾಜು ಹೊಳಿತದಾ?" ಎಂದಳು. ಅವಳ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಇದ್ದ ಹಾಗೇ ತೂಗುಹಾಕೋಣ ಎಂದು ನೀನು ನನ್ನ ಬೆನ್ನು ತಟ್ಟಿ ಕಳಿಸಿದೆ.

ಪ್ರದರ್ಶನದ ದಿನ ಬಂದು ನೋಡಿದರೆ ನನ್ನ ಟವರಿನ ನಡುಮಧ್ಯೆ ಪೋಸ್ಟರ್ ಕಲರಿನ ಬಿಳಿ. ಒಬ್ಬ ಮನುಷ್ಯನೂ ಇಲ್ಲ. ಸ್ಪಾನ್ಸರ್ ಸಾಹೇಬರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಮಂಜು ಎಷ್ಟು ಚಂದ ಬಂದಿದೆ ಎಂದು ಹತ್ತು ಜನ ನನ್ನ ಕೈ ಕುಲುಕಿದರು. ನೀನು ಸುಳ್ಳು ಹೇಳಲಿಲ್ಲ, ಅದನ್ನು ಒಪ್ಪುತ್ತೇನೆ. ಮೂಲೆಗೆ ಕರೆದು, "ನಾನೇ ಹಚ್ಚಿದ್ದು ಸೇಸ. ಬೇರೆಯವರ ಕೈಗೆ ಕೊಟ್ರೆ ಹಾಳು ಮಾಡ್ತಿದ್ರು," ಎಂದೆ. ಅದೇನು ಉಪಕಾರವಾ?

ಲಿನ್ ಮೇಡಂ ಚಿತ್ರವನ್ನು ನೋಡಿ ಒಂದೇ ಮಾತು ಹೇಳಿ ಹೋದರು: "ಈ ಬೆಟ್ಟ ಈಗ ಎತ್ತರವಿಲ್ಲ."

ನಾನು ಮಾಡುವುದನ್ನು ಮುಚ್ಚಿಡುವುದಿಲ್ಲ. ಪ್ರದರ್ಶನದ ಕೊನೆಯ ದಿನ ನೀರು, ಮೆತ್ತನೆಯ ಬ್ರಷ್, ಹೀರುವ ಕಾಗದ ಹಿಡಿದು ಬರುತ್ತೇನೆ. ಎಲ್ಲರೆದುರಿಗೇ ಆ ಬಿಳಿಯನ್ನು ತೊಳೆಯುತ್ತೇನೆ. ಮೇಡಂ ಹತ್ತಿರ ಕೇಳಿದ್ದೇನೆ. ಒಳ್ಳೆಯ ಮಸಿ ಒಣಗಿದ ಮೇಲೆ ನೀರಿಗೆ ಹೆದರುವುದಿಲ್ಲ, ಬಣ್ಣದ ಭರವಸೆ ಇಲ್ಲ, ಕಾಗದದ ಭರವಸೆಯಂತೂ ಇಲ್ಲವೇ ಇಲ್ಲ ಎಂದರು. ಕಿತ್ತಳೆ ಹೋದರೆ ಹೋಗಲಿ, ಮಸಿಯ ಮನುಷ್ಯರು ಉಳಿಯುತ್ತಾರೆ. ಕಾಗದ ಹರಿದರೆ ಹರಿದದ್ದೇ ಗೋಡೆಯ ಮೇಲಿರಲಿ. ತಡೆಯುವುದಾದರೆ ಸೆಕ್ಯುರಿಟಿಯವನನ್ನು ಕಳಿಸಬೇಡ, ನೀನೇ ಬಂದು ಕೈ ಹಿಡಿ.

ಶಹೀದಾಳಿಗೆ ನನ್ನ ಸಲಾಂ. ನಿನ್ನ ಮೊಮ್ಮಗಳು ಝುಲ್ಫಾ ನೂರು ಕಾಲ ಬಾಳಲಿ. ನಾನು ನಂಬದಿದ್ದರೂ ನೀನು ನಂಬುವ ದೇವರು ನಿನ್ನ ಮೊಣಕಾಲು ನೋವನ್ನು ಕಡಿಮೆ ಮಾಡಲಿ.

ನಿನ್ನ,
ಸೇಸಪ್ಪ

ಮರೆತದ್ದಲ್ಲ, ಬರೆಯಲು ಕೈ ಬಾರದೆ ಕೊನೆಗೆ ಉಳಿದದ್ದು: ಬಿಳಿ ಬಳಿದದ್ದಕ್ಕೆ ಸಿಟ್ಟು ಬಂದಿದೆ, ಅಷ್ಟೆ. ನೋವಾದದ್ದು ಬೇರೆ. ಅಂದು ನಿನ್ನ ಮನೆಯಲ್ಲಿ ಝುಲ್ಫಾ ಚಿತ್ರದ ಹತ್ತಿರ ಬಂದು, ಹಗ್ಗದ ಮೇಲೆ ಬೆರಳಿಟ್ಟು, "ಅಜ್ಜಾ, ಹೂ ಆರ್ ದೇ?" ಎಂದಳು. "ಯಾರೋ ಲೇಬರು. ನೀನು ಒಳಗೆ ಹೋಗು," ಎಂದೆ ನೀನು. ಯಾರೋ! ಈ ಊರಿಗೆ ಬಂದ ಹೊಸತರಲ್ಲಿ ಅದೇ ಬಟ್ಟೆ ತೊಟ್ಟು ಅದೇ ಹಗ್ಗದಲ್ಲಿ ನೇತಾಡಿದವರು ನಾವಿಬ್ಬರು. ಗಾಳಿ ಹೊಡೆದು ನಾನು ಗಾಜಿಗೆ ಬಡಿದುಕೊಂಡಾಗ ನನ್ನ ಬೆಲ್ಟು ಹಿಡಿದು, "ಕೆಳಗೆ ನೋಡ್ಬೇಡ ಸೇಸ, ನನ್ನ ಮುಖ ನೋಡು," ಎಂದವನು ನೀನು. ಆ ಮುಖವನ್ನು ಮೊಮ್ಮಗಳಿಗೆ ತೋರಿಸಲು ನಿನಗೆ ನಾಚಿಕೆಯಾಯಿತಾ? ನೀರು ನಾನು ಹಾಕುತ್ತೇನೆ. ಅವಳು ಕೇಳಿದ್ದಕ್ಕೆ ಉತ್ತರ ನೀನು ಕೊಡು. ಅಸರ್ ನಮಾಝ್ ಮುಗಿಸಿ ಅವಳನ್ನು ಕರೆದುಕೊಂಡು ಬಾ. ಸಂಘದ ಸಭಾಂಗಣ, ನವೆಂಬರ್ ಹದಿನೈದು, ಶುಕ್ರವಾರ, ಸಂಜೆ ನಾಲ್ಕು ಗಂಟೆ.