ಸೀರೆ ಒಣಗುವ ಕೇಬಲ್

ಫೆಬ್ರವರಿ ೧೧, ಮಂಗಳವಾರ

ನನ್ನ ಮೇಲೆ ನನಗೇ ಹೇಸಿಗೆಯಾಗಿದೆ. ನಮ್ಮ ಪಂಚಾಯ್ತಿ ಕಚೇರಿಗೆ ಸರ್ಕಾರ ಇಂಟರ್ನೆಟ್ ಕೇಬಲ್ ಎಳೆಸಿ ಎರಡು ವರ್ಷವಾಯಿತು. ಇಂಟರ್ನೆಟ್ ಒಂದು ದಿನವೂ ಬಂದಿಲ್ಲ. ಜೋತುಬಿದ್ದ ಆ ಕೇಬಲ್ ಮೇಲೆ ಕಸ ಗುಡಿಸುವ ನೀಲಕ್ಕ ಬಟ್ಟೆ ಒಣಗಿಸುತ್ತಾಳೆ.

ಇವತ್ತು ಮೇಲಿನ ಸಾಹೇಬರ ಫೋನು. "ಸಂಪರ್ಕ ತಲುಪಿದೆ ಅಂತ ಬರ್ದು, ಕೇಬಲ್ ಫೋಟೋ ಹಾಕ್ರಿ."

"ನೆಟ್ಟೇ ಇಲ್ವಲ್ಲ ಸಾರ್" ಅಂದೆ.

"ಕೇಬಲ್ ಐತಲ್ಲಮ್ಮ, ತಲುಪ್ದಂಗೇ."

ಕೇಬಲ್ ಮೇಲಿದ್ದ ಒದ್ದೆ ಸೀರೆಯನ್ನು ನೀಲಕ್ಕನ ಕೈಗೆ ಕೊಟ್ಟು ಫೋಟೋ ತೆಗೆದೆ. ಇಲ್ಲಿ ಮಾತಾಡುವಷ್ಟು ಸಿಗ್ನಲ್ ಸಿಗುತ್ತದೆ, ಫೋಟೋ ಕಳಿಸುವಷ್ಟಿಲ್ಲ. ಬಸ್ಸು ಹತ್ತಿ ಹರಿಹರಕ್ಕೆ ಹೋಗಿ, ಸೈಬರ್ ಅಂಗಡಿಯಲ್ಲಿ ಕೂತು, ಸರ್ಕಾರದ ವೆಬ್‌ಸೈಟಿಗೆ ಫೋಟೋ ಹಾಕಿ, 'ತಲುಪಿದೆ' ಎಂದು ಒತ್ತಿ ಬಂದೆ.

ವಾಪಸ್ ಬಂದಾಗ ನೀಲಕ್ಕ ಇನ್ನೂ ಸೀರೆ ಹಿಡಿದೇ ನಿಂತಿದ್ದಳು.

"ನೆಟ್ಟಿನ ಕೆಲ್ಸ ಮುಗೀತೇನ್ರಿ ಮೇಡಂ? ಸೀರೆ ಹಾಕ್ಲಾ?"