ಸೇವಂತಿಗೆ ಕಾಣದ ಗೆರೆ

೧೪ ನವೆಂಬರ್, ಶುಕ್ರವಾರ

ಮಾನಿಟರ್ ಸರಿಯಾಗಿದೆ ಎಂದು ನನ್ನ ಹೆಂಡತಿ ಸೇವಂತಿ ಹೇಳಿದಳು. ಅದೇ ನನ್ನನ್ನು ಕೊರೆಯುತ್ತಿದೆ.

ಕಣ್ಣು ಮಂಜಾದಂದಿನಿಂದ ಅವಳು ಓದುವುದು ಅದರಲ್ಲೇ, ಅಕ್ಷರಗಳನ್ನು ಅಂಗೈಯಷ್ಟು ದೊಡ್ಡದು ಮಾಡಿಕೊಂಡು. ಕಪಾಟು ಸರಿಸುವಾಗ ಬಿದ್ದು ಪರದೆ ಒಡೆದಿತ್ತು. ಕುಂಬ್ರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಶುಕೂರ್ ತನ್ನ ಅಂಗಡಿಯ ಹಳೆಯ ಮಾನಿಟರಿನಿಂದ ಅದೇ ಅಳತೆಯ ಪರದೆಯ ಪ್ಯಾನೆಲ್ ಬಿಚ್ಚಿ ಕೊಟ್ಟ.

“ಈ ಪಟ್ಟಿ ವೈರು ಮೆಲ್ಲ ಸಿಕ್ಕಿಸಿ ಮಾರಾಯ್ರೆ. ಹರಿದ್ರೆ ಮತ್ತೆ ನನಗೆ ಫೋನ್ ಮಾಡುದು ಬೇಡ.”

ಸಂಜೆ ಉಸಿರು ಹಿಡಿದು ಸಿಕ್ಕಿಸಿದೆ. ಬೆಳಕು ಬಂತು. ಜೊತೆಗೆ ಪರದೆಯ ನಡುವೆ, ಮೇಲಿಂದ ಕೆಳಗಿನವರೆಗೆ, ಪೆನ್ಸಿಲ್ ದಪ್ಪದ ಹಸಿರು ಗೆರೆಯೂ ಬಂತು. ಬೈಸಿಕೊಳ್ಳಲು ಸಿದ್ಧನಾಗಿ ಅವಳನ್ನು ಕರೆದೆ. ಮೂಗು ತಾಗುವಷ್ಟು ಹತ್ತಿರ ಕೂತು ನೋಡಿದಳು.

“ಬಲ್ಬ್ ಹಾಕ್ಲಿಕ್ಕೆ ಗೊತ್ತಿಲ್ಲದವರು ಇದು ಹೇಗೆ ಮಾಡಿದ್ರಿ ಮಾರಾಯ್ರೆ? ಹೊಸತರ ಹಾಗೇ ಉಂಟು.”

“ನಡುವಲ್ಲಿ ಎಂತಾದ್ರೂ ಕಾಣ್ತದಾ?”

“ಎಂತ ಕಾಣುದು? ಅಕ್ಷರ.”

ಮತ್ತೆ ಕತ್ತು ಓರೆ ಮಾಡಿಕೊಂಡು, ಕಣ್ಣಂಚಿನಿಂದ ಓದತೊಡಗಿದಳು. ಹಾಗೆ ಓದುವುದನ್ನು ಯಾವಾಗ ಶುರುಮಾಡಿದಳೋ, ನಾನು ಗಮನಿಸಿರಲಿಲ್ಲ.

ಪ್ಯಾನೆಲ್ ಇನ್ನೊಂದು ಸಿಗಬಹುದು. ನಾಳೆ ಕಣ್ಣಿನ ಡಾಕ್ಟರಲ್ಲಿಗೆ ಹೋಗೋಣವೆಂದರೆ, ಈಗ ಯಾಕೆ ಎಂದು ಕೇಳುತ್ತಾಳೆ. ಆಗ ಗೆರೆಯ ವಿಷಯ ಹೇಳಬೇಕು. ನನಗೆ ಬೇಸರವಾಗದಿರಲೆಂದು ಅವಳು ಸುಳ್ಳು ಹೇಳಿದ್ದಾದರೆ ಸಾಕು, ಅಷ್ಟಾದರೆ ಸಾಕು.